ಲೂಪಸ್ ಮತ್ತು ಅದರ ಜೊತೆಗೇ ಬರುವ ಕಾಯಿಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಲೂಪಸ್ ಒಂದೇ ಇದ್ದಿದ್ದರೆ ಹೇಗೋ ಅರ್ಥ ಮಾಡಿಕೊಳ್ಳಬಹುದಿತ್ತು. ಆದರೆ ಬಹಳ ಜನಕ್ಕೆ ಅದರ ಜೊತೆ ಥೈರಾಯ್ಡ್, ಕಣ್ಣು ಬಾಯಿ ಒಣಗಿಸುವ ಶೋಗ್ರೆನ್, ಮೈಯೆಲ್ಲ ನೋಯಿಸುವ ಫೈಬ್ರೊಮಯಾಲ್ಜಿಯಾ, ಇವುಗಳಲ್ಲಿ ಒಂದೋ ಎರಡೋ ಸೇರಿಕೊಂಡಿರುತ್ತವೆ. ನನಗೂ ಹಾಗೇ. ಹೊಸದಾಗಿ ಕಾಯಿಲೆ ಗೊತ್ತಾದವರು ಮತ್ತು ಅವರ ಮನೆಯವರು ನನ್ನನ್ನು ಕೇಳುವ ಪ್ರಶ್ನೆಗಳಿವು. ನಾನು ಡಾಕ್ಟರ್ ಅಲ್ಲ, ರೋಗಿ. ಇದನ್ನು ಓದಿ ಮಾತ್ರೆ ಬದಲಾಯಿಸಬೇಡಿ. ಡಾಕ್ಟರ್ ಎದುರು ಕೂತಾಗ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ಲೂಪಸ್ ಅಂದ್ರೆ ಸರಿಯಾಗಿ ಏನು?

ರೋಗನಿರೋಧಕ ವ್ಯವಸ್ಥೆ ಹೊರಗಿನ ಕ್ರಿಮಿಗಳ ಮೇಲೆ ಬೀಳುವ ಬದಲು ನಮ್ಮದೇ ಜೀವಕೋಶಗಳ ಮೇಲೆ ಬೀಳುವ ಕಾಯಿಲೆ. ಅದರಲ್ಲೂ ಜೀವಕೋಶದ ನ್ಯೂಕ್ಲಿಯಸ್ ಒಳಗಿರುವ ಡಿಎನ್‌ಎಯಂಥ ವಸ್ತುಗಳ ವಿರುದ್ಧವೇ ದೇಹ ಪ್ರತಿಕಾಯಗಳನ್ನು ಮಾಡುತ್ತದೆ. ನ್ಯೂಕ್ಲಿಯಸ್ ಇಲ್ಲದ ಅಂಗ ದೇಹದಲ್ಲಿ ಯಾವುದೂ ಇಲ್ಲವಲ್ಲ, ಅದಕ್ಕೇ ಇದು ಚರ್ಮ, ಕೀಲು, ಕಿಡ್ನಿ, ರಕ್ತ, ಶ್ವಾಸಕೋಶದ ಪೊರೆ, ಮಿದುಳು, ಎಲ್ಲಿ ಬೇಕಾದರೂ ತಲೆ ಹಾಕಬಹುದು. ಒಬ್ಬರ ಲೂಪಸ್ ಇನ್ನೊಬ್ಬರ ಲೂಪಸ್ ಥರ ಇರುವುದಿಲ್ಲ. ಕೆಲವರಿಗೆ ಚರ್ಮದ ಮೇಲೆ ಮಾತ್ರ ಇರುತ್ತದೆ. ಇನ್ನು ಕೆಲವರಿಗೆ ಹೈಡ್ರಲಾಜಿನ್, ಪ್ರೊಕೈನಮೈಡ್, ಐಸೋನಿಯಾಜಿಡ್‌ನಂಥ ಔಷಧಿಯಿಂದ ಬರುತ್ತದೆ, ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಇಲ್ಲಿ ನಾನು ಹೇಳುತ್ತಿರುವುದು ಇಡೀ ದೇಹಕ್ಕೆ ಬರುವ ಸಿಸ್ಟಮಿಕ್ ಲೂಪಸ್ ಬಗ್ಗೆ.

ಅಂಟುರೋಗ ಅಲ್ಲ. ಕ್ಯಾನ್ಸರ್ ಅಲ್ಲ.

ಯಾಕೆ ಬರುತ್ತದೆ? ಮಕ್ಕಳಿಗೂ ಬರುತ್ತಾ?

ಹುಟ್ಟಿನಿಂದ ಬಂದ ಒಲವು ಒಂದು ಕಡೆ, ಅದನ್ನು ಕೆದಕುವ ಕಾರಣಗಳು ಇನ್ನೊಂದು ಕಡೆ: ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ, ವೈರಸ್ ಸೋಂಕು, ಧೂಮಪಾನ, ಹಾರ್ಮೋನು. ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಶುರುವಾಗುವುದು ಹೆಚ್ಚಾಗಿ 15ರಿಂದ 45ರ ವಯಸ್ಸಿನಲ್ಲಿ. ಹಾಗಂತ ಗಂಡಸರಿಗೆ ಬರಲ್ಲ ಅಂತಲ್ಲ. ಇನ್ನು ಮಕ್ಕಳ ವಿಷಯ. ಒಂದೇ ರೂಪದ ಅವಳಿಗಳಲ್ಲೇ ಒಬ್ಬರಿಗೆ ಲೂಪಸ್ ಬಂದರೆ ಇನ್ನೊಬ್ಬರಿಗೆ ಬಾರದೇ ಇರುವುದೇ ಜಾಸ್ತಿ. ಅಮ್ಮನಿಗಿದ್ದರೆ ಮಗುವಿಗೆ ಅಪಾಯ ಸ್ವಲ್ಪ ಹೆಚ್ಚು, ಅಷ್ಟೇ.

ನೀವು ಏನೋ ತಪ್ಪು ಮಾಡಿದ್ದಕ್ಕೆ ಬಂತು ಅಂತ ಯಾರಾದರೂ ಹೇಳಿದರೆ ಆ ಮಾತು ಅಲ್ಲಿಗೇ ಬಿಡಿ.

ಎಎನ್‌ಎ ಪಾಸಿಟಿವ್ ಬಂದಿದೆ. ಲೂಪಸ್ ಇದೆ ಅಂತಾನಾ?

ಅಲ್ಲ. ಎಎನ್‌ಎ ಅಂದ್ರೆ ನ್ಯೂಕ್ಲಿಯಸ್ ವಿರುದ್ಧದ ಪ್ರತಿಕಾಯಗಳಿವೆಯಾ ಅಂತ ನೋಡುವ ರಕ್ತಪರೀಕ್ಷೆ. ಅತಿ ಹೆಚ್ಚು ಜನರನ್ನು ಸುಮ್ನೆ ಹೆದರಿಸಿರುವ ರಿಪೋರ್ಟ್ ಇದೇ ಇರಬೇಕು. ಲೂಪಸ್ ಇರುವವರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನಕ್ಕೆ ಎಎನ್‌ಎ ಪಾಸಿಟಿವ್ ಇರುತ್ತದೆ, ನಿಜ. ಆದರೆ ಪೂರ್ತಿ ಆರೋಗ್ಯವಾಗಿರುವವರಲ್ಲೂ 1:80 ಮಟ್ಟದಲ್ಲಿ (80 ಪಟ್ಟು ತೆಳುಮಾಡಿ ನೋಡಿದಾಗ) ಹತ್ತರಲ್ಲಿ ಒಬ್ಬರಿಗಾದರೂ ಪಾಸಿಟಿವ್ ಬರುತ್ತದೆ. ಥೈರಾಯ್ಡ್ ಕಾಯಿಲೆ ಇರುವವರಿಗೂ ಬರುತ್ತದೆ, ವಯಸ್ಸಾದವರಿಗೂ ಬರುತ್ತದೆ. ಹಾಗಾಗಿ ಎಎನ್‌ಎ ನೆಗೆಟಿವ್ ಬಂದರೆ ಲೂಪಸ್ ಸಾಧ್ಯತೆ ತೀರಾ ಕಡಿಮೆ ಅನ್ನಬಹುದು, ಪಾಸಿಟಿವ್ ಬಂದರೆ ಅದೊಂದರಿಂದಲೇ ಏನೂ ಹೇಳುವಂತಿಲ್ಲ.

ಲೂಪಸ್ ಕಡೆಗೆ ಬಲವಾಗಿ ಬೆರಳು ತೋರಿಸುವುದು ಡಿಎಸ್-ಡಿಎನ್‌ಎ ಮತ್ತು ಸ್ಮಿತ್ ಪ್ರತಿಕಾಯಗಳು. ಜೊತೆಗೆ ಸಿ3, ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನುಗಳು ಇಳಿದಿವೆಯಾ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಕಡಿಮೆಯಾಗಿವೆಯಾ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ನೋಡುತ್ತಾರೆ. 2019ರಲ್ಲಿ ಯುರೋಪ್ ಮತ್ತು ಅಮೆರಿಕದ ರುಮಟಾಲಜಿ (ಕೀಲು ಮತ್ತು ಲೂಪಸ್‌ನಂಥ ಕಾಯಿಲೆಗಳ ವೈದ್ಯಶಾಸ್ತ್ರ) ಸಂಸ್ಥೆಗಳು ಸೇರಿ ಮಾಡಿದ ಅಂಕಪಟ್ಟಿ ಒಂದಿದೆ: ಎಎನ್‌ಎ ಪಾಸಿಟಿವ್ ಇದ್ದರೆ ಮಾತ್ರ ಒಳಗೆ ಪ್ರವೇಶ, ಆಮೇಲೆ ಒಂದೊಂದು ಲಕ್ಷಣಕ್ಕೆ ಅಂಕ, 10 ಅಥವಾ ಹೆಚ್ಚು ಬಂದರೆ ಲೂಪಸ್ ಅಂತ ವರ್ಗೀಕರಣ. ಅದು ಮಾಡಿದ್ದು ಸಂಶೋಧನೆಗೆ. ಮನೆಯಲ್ಲಿ ಕೂತು ಅಂಕ ಕೂಡಬೇಡಿ.

ಗೊತ್ತಾಗೋಕೆ ಯಾಕೆ ಇಷ್ಟು ತಡ?

ಲಕ್ಷಣಗಳು ಒಟ್ಟಿಗೆ ಬರುವುದಿಲ್ಲ, ಅದಕ್ಕೆ. ಒಂದು ವರ್ಷ ಕೀಲು ನೋವು, ಇನ್ನೊಂದು ವರ್ಷ ಬಾಯಿಹುಣ್ಣು, ಆಮೇಲೆ ಕೂದಲು ಉದುರುವುದು. ಒಂದೊಂದಕ್ಕೆ ಒಬ್ಬೊಬ್ಬ ಡಾಕ್ಟರ್ ಹತ್ತಿರ ಹೋಗಿರುತ್ತೀರಿ, ಅವರ್ಯಾರಿಗೂ ಪೂರ್ತಿ ಚಿತ್ರ ಕಾಣುವುದಿಲ್ಲ. ‘ಟೆನ್ಷನ್ ಕಡಿಮೆ ಮಾಡ್ಕೊಳ್ಳಮ್ಮ’ ಅಂತ ಕಳಿಸಿದ ಡಾಕ್ಟರ್ ನನಗೂ ಸಿಕ್ಕಿದ್ದರು.

ಫೋಟೊ ತೆಗೆದಿಡಿ. ದದ್ದು, ಊದಿದ ಬೆರಳು, ಬಿಳಿಚಿಕೊಂಡ ಬೆರಳ ತುದಿ, ಎಲ್ಲದಕ್ಕೂ ತಾರೀಖು ಸಮೇತ. ಅಪಾಯಿಂಟ್‌ಮೆಂಟ್ ದಿನ ಅವು ಮಾಯವಾಗಿರುತ್ತವೆ, ಅದೇನು ಮಾಯೆಯೋ. ಮುಖದ ದದ್ದು ಇದ್ದರೆ ಮೂಗಿನ ಪಕ್ಕದಿಂದ ಬಾಯಿ ಕಡೆಗೆ ಇಳಿಯುವ ಗೆರೆ ಕಾಣುವ ಹಾಗೆ ತೆಗೆಯಿರಿ. ಲೂಪಸ್ ದದ್ದು ಸಾಮಾನ್ಯವಾಗಿ ಆ ಗೆರೆಯನ್ನು ಬಿಟ್ಟು ಕೆನ್ನೆ ಮತ್ತು ಮೂಗಿನ ಮೇಲೆ ಕೂರುತ್ತದೆ. ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿ ಅದು ಕೆಂಪಗೆ ಕಾಣದೆ ಕಂದು ಅಥವಾ ನೇರಳೆ ಛಾಯೆಯಲ್ಲಿ ಕಾಣಬಹುದು.

ಒಬ್ಬರಿಗೇ ಇಷ್ಟೊಂದು ಕಾಯಿಲೆ ಯಾಕೆ?

ಹೀಗೆ ರೋಗನಿರೋಧಕ ವ್ಯವಸ್ಥೆ ನಮ್ಮ ಮೇಲೇ ಬೀಳುವ ಆಟೋಇಮ್ಯೂನ್ ಕಾಯಿಲೆಗಳು ಒಂದಕ್ಕೊಂದು ನೆಂಟರು. ಅವುಗಳ ಹಿಂದಿನ ಜೀನ್‌ಗಳಲ್ಲಿ ಹಲವು ಒಂದೇ, ಕೆದಕುವ ಕಾರಣಗಳೂ ಒಂದೇ. ಹಾಗಾಗಿ ಒಂದು ಬಂದವರಿಗೆ ಇನ್ನೊಂದು ಬರುವ ಸಂಭವ ಉಳಿದವರಿಗಿಂತ ಜಾಸ್ತಿ. ಲೂಪಸ್ ಜೊತೆ ಹೆಚ್ಚಾಗಿ ಕಾಣುವುದು ಶೋಗ್ರೆನ್, ಹಾಶಿಮೊಟೊ ಥೈರಾಯ್ಡ್, ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಚಳಿಗೆ ಬೆರಳು ಬೆಳ್ಳಗಾಗುವ ರೇನಾಡ್. ರುಮಟಾಯ್ಡ್ ಆರ್ಥ್ರೈಟಿಸ್ ಕೂಡ ಕೆಲವರಿಗೆ ಸೇರುತ್ತದೆ. ಫೈಬ್ರೊಮಯಾಲ್ಜಿಯಾ ಆಟೋಇಮ್ಯೂನ್ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಲೂಪಸ್ ಇರುವವರಲ್ಲಿ ಬಹಳ ಮಂದಿಗೆ ಇರುತ್ತದೆ.

‘ಮಿಕ್ಸೆಡ್ ಕನೆಕ್ಟಿವ್ ಟಿಶ್ಯೂ ಡಿಸೀಸ್’ ಅಂತ ಬರೆದುಕೊಟ್ಟಿದ್ದರೆ ಅದು ಇಂಥ ಹಲವು ಕಾಯಿಲೆಗಳ ಲಕ್ಷಣ ಬೆರೆತ ಬೇರೆಯದೇ ಒಂದು ಗುಂಪು. 1972ರಲ್ಲಿ ಮೊದಲು ವಿವರಿಸಿದ್ದು, ಯು1-ಆರ್‌ಎನ್‌ಪಿ ಎಂಬ ಪ್ರತಿಕಾಯ ಅದರ ಗುರುತು. ‘ಅನ್‌ಡಿಫರೆನ್ಷಿಯೇಟೆಡ್’ ಅಂತ ಬರೆದಿದ್ದರೆ ಇನ್ನೂ ಯಾವ ಹೆಸರಿಗೂ ಸರಿಯಾಗಿ ಹೊಂದುತ್ತಿಲ್ಲ ಅಂತ ಅರ್ಥ. ಬಹಳ ಜನ ಹಾಗೇ ಉಳಿಯುತ್ತಾರೆ, ಮುಂದಕ್ಕೆ ಹೋಗುವುದೇ ಇಲ್ಲ.

ಯಾವ ನೋವು ಯಾವ ಕಾಯಿಲೆಯದ್ದು ಅಂತ ತಿಳಿಯೋದು ಹೇಗೆ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಒಮ್ಮೆ ಲೂಪಸ್ ಅಂತ ಹೆಸರು ಬಿದ್ದ ಮೇಲೆ ಏನೇ ಆದರೂ ಅದರ ತಲೆಗೇ ಕಟ್ಟುವುದು ಸುಲಭ. ನಾವೂ ಕಟ್ಟುತ್ತೇವೆ, ಡಾಕ್ಟರುಗಳೂ ಕಟ್ಟುತ್ತಾರೆ. ಆಮೇಲೆ ಸ್ಟೀರಾಯ್ಡ್ ಡೋಸ್ ಏರುತ್ತದೆ, ನೋವು ಹಾಗೇ ಇರುತ್ತದೆ. ಯಾಕಂದ್ರೆ ಅದು ಲೂಪಸ್ ನೋವೇ ಆಗಿರಲಿಲ್ಲ.

ಕೀಲು ತಗೊಳ್ಳಿ. ಲೂಪಸ್ ಕೆರಳಿದಾಗ ಬೆರಳು, ಮಣಿಕಟ್ಟು, ಮಂಡಿ ಬೆಳಗ್ಗೆ ಎದ್ದಾಗ ಬಿಗಿದುಕೊಂಡಿರುತ್ತವೆ, ಅದು ಸಡಿಲವಾಗೋಕೆ ಅರ್ಧ ಗಂಟೆಗೂ ಜಾಸ್ತಿ ಬೇಕಾಗುತ್ತದೆ, ಗೆಣ್ಣಿನ ಮೇಲೆ ಒತ್ತಿದರೆ ಮೆತ್ತಗೆ ಊದಿದ್ದು ಕೈಗೆ ಸಿಗುತ್ತದೆ, ಉಂಗುರ ತೆಗೆಯೋಕೆ ಸೋಪು ಹಚ್ಚಬೇಕಾಗುತ್ತದೆ. ಫೈಬ್ರೊಮಯಾಲ್ಜಿಯಾದಲ್ಲಿ ಊತ ಇರುವುದಿಲ್ಲ. ಕೀಲಿನ ನಡುವಿನ ಮಾಂಸ, ಭುಜ, ಕತ್ತು, ಸೊಂಟ ನೋಯುತ್ತವೆ, ಯಾರಾದರೂ ಪ್ರೀತಿಯಿಂದ ತೋಳು ಹಿಡಿದರೂ ನೋಯುತ್ತದೆ, ನಿದ್ದೆ ಮಾಡಿ ಎದ್ದರೂ ನಿದ್ದೆ ಆದ ಹಾಗಿರುವುದಿಲ್ಲ. ರಕ್ತಪರೀಕ್ಷೆ ಎಲ್ಲ ಸರಿಯಾಗೇ ಇರುತ್ತದೆ. ಇದಕ್ಕೆ ಸ್ಟೀರಾಯ್ಡ್ ಕೆಲಸ ಮಾಡುವುದಿಲ್ಲ. ನಿಧಾನವಾಗಿ ಹೆಚ್ಚಿಸುವ ವ್ಯಾಯಾಮ, ನಿದ್ದೆ ಸರಿಪಡಿಸುವುದು, ಕೆಲವರಿಗೆ ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಥರದ ಮಾತ್ರೆ, ದಾರಿಯೇ ಬೇರೆ.

ಒಂದೇ ಕಡೆ ತೊಡೆಸಂದಿಯಲ್ಲಿ ಆಳವಾದ ನೋವು, ನಡೆದರೆ ಜಾಸ್ತಿ ಆಗುವುದು? ಸ್ಟೀರಾಯ್ಡ್ ತಗೊಂಡವರಿಗೆ ಸೊಂಟದ ಕೀಲಿನ ಮೂಳೆಗೆ ರಕ್ತ ಸರಿಯಾಗಿ ಹೋಗದೆ ಅದು ಸಾಯುವುದುಂಟು. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗೇ ಬರುತ್ತದೆ, ಎಂಆರ್‌ಐನಲ್ಲಿ ಮಾತ್ರ ಕಾಣುತ್ತದೆ. ನೋವಿಲ್ಲದೆ ತೊಡೆಯಲ್ಲಿ ಬಲವೇ ಇಲ್ಲದೆ ಕುರ್ಚಿಯಿಂದ ಏಳೋಕೆ ಕೈ ಊರಬೇಕಾದರೆ ಅದೂ ಸ್ಟೀರಾಯ್ಡ್‌ನ ಕೆಲಸ ಇರಬಹುದು. ಅಂದರೆ ಡೋಸ್ ಏರಿಸಿದರೆ ಇನ್ನೂ ಕೆಡುತ್ತದೆ.

ಕಣ್ಣಲ್ಲಿ ಮರಳು ಬಿದ್ದ ಹಾಗೆ, ನೀರಿಲ್ಲದೆ ಒಣ ತಿಂಡಿ ನುಂಗೋಕೇ ಆಗದು, ಹಲ್ಲು ಒಂದರ ಮೇಲೊಂದು ಹುಳುಕು: ಇದು ಶೋಗ್ರೆನ್ ಕಡೆಗೆ. ಹಲ್ಲಿನ ಡಾಕ್ಟರ್‌ಗೆ ಬಾಯಿ ಒಣಗುವ ವಿಷಯ ಹೇಳಲೇಬೇಕು, ಫ್ಲೋರೈಡ್ ಜಾಸ್ತಿ ಇರುವ ಪೇಸ್ಟ್ ಕೊಡುತ್ತಾರೆ.

ಜ್ವರ ಬಂದಾಗ ಇನ್ನೊಂದು ಸುಳಿವು ಇದೆ, ಉರಿಯೂತ ಅಳೆಯುವ ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳದ್ದು. ಲೂಪಸ್ ಕೆರಳಿದಾಗ ಇಎಸ್‌ಆರ್ ಏರುತ್ತದೆ, ಸಿಆರ್‌ಪಿ ಅಷ್ಟಾಗಿ ಏರದೇ ಇರಬಹುದು. ಸಿಆರ್‌ಪಿ ಜೋರಾಗಿ ಏರಿದ್ದರೆ ಡಾಕ್ಟರುಗಳು ಮೊದಲು ಸೋಂಕನ್ನು ಹುಡುಕುತ್ತಾರೆ. ಎದೆ ಅಥವಾ ಹೃದಯದ ಪೊರೆಗೆ ಉರಿಯೂತ ಬಂದಾಗ, ಕೀಲು ಜೋರಾಗಿ ಊದಿದಾಗ ಲೂಪಸ್‌ನಲ್ಲೂ ಏರಬಹುದು, ಹಾಗಾಗಿ ಇದು ಸುಳಿವು ಮಾತ್ರ, ತೀರ್ಪಲ್ಲ.

ಸುಸ್ತು ಹೋಗ್ತಾನೇ ಇಲ್ಲ. ಇದೂ ಲೂಪಸ್ಸೇ ಅಲ್ವಾ?

ಇರಬಹುದು. ಆದರೆ ಹಾಗಂದುಕೊಂಡು ಬಿಡುವ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್, ಬಿ12, ವಿಟಮಿನ್ ಡಿ, ಸಕ್ಕರೆ ಇಷ್ಟನ್ನು ನೋಡಿಸಿ. ಗೊರಕೆ ಜೋರಿದ್ದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆ್ಯಪ್ನಿಯಾ ಇರಬಹುದು. ಮನಸ್ಸು ಕುಗ್ಗಿದ್ದರೆ ಡಿಪ್ರೆಷನ್, ಅದು ಲೂಪಸ್ ಇರುವವರಲ್ಲಿ ಸಾಮಾನ್ಯ, ಅದಕ್ಕೆ ಚಿಕಿತ್ಸೆಯೂ ಇದೆ. ನಿಂತ ತಕ್ಷಣ ಎದೆ ಹೊಡೆದುಕೊಂಡು ತಲೆ ತಿರುಗಿದರೆ ಪಾಟ್ಸ್ (POTS) ಎಂಬ ತೊಂದರೆ ಬಗ್ಗೆ ಕೇಳಿ. ಇವೆಲ್ಲ ಸರಿಪಡಿಸಬಹುದಾದವು. ಸುಸ್ತಿಗೆ ಲೂಪಸ್ ಅಂತ ಹೆಸರಿಟ್ಟು ಸುಮ್ಮನಾದರೆ ಸರಿಹೋಗಬಹುದಾದ ಥೈರಾಯ್ಡ್ ಸುಸ್ತನ್ನೂ ಹೊತ್ತುಕೊಂಡು ತಿರುಗುತ್ತೀರಿ.

ಉಳಿದ ಸುಸ್ತಿಗೆ ಕೆಲಸವನ್ನು ಹಂಚಿಕೊಳ್ಳುವುದೇ ದಾರಿ. ಚೆನ್ನಾಗಿರುವ ದಿನ ಎಲ್ಲ ಬಾಕಿ ಕೆಲಸವನ್ನೂ ಮುಗಿಸೋಕೆ ಹೋಗಬೇಡಿ, ಮುಂದಿನ ದಿನಗಳು ಹಾಸಿಗೆಯಲ್ಲೇ ಹೋಗುತ್ತವೆ. ದಣಿವಾಗುವ ಮೊದಲೇ ಕೂರಬೇಕು. ಹೇಳೋಕೆ ಸುಲಭ. ಹಾಗಂತ ಪೂರ್ತಿ ಮಲಗಿಬಿಟ್ಟರೂ ಆಗದು, ಹಗುರ ವ್ಯಾಯಾಮ ಸುಸ್ತನ್ನು ಕಡಿಮೆ ಮಾಡುತ್ತದೆ.

ಲೂಪಸ್ ಆಂಟಿಕೋಗುಲೆಂಟ್ ಪಾಸಿಟಿವ್ ಅಂತ ಬಂದಿದೆ, ಏನಿದು?

ಅದು ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳಲ್ಲಿ ಒಂದು, ಲೂಪಸ್ ಇಲ್ಲದವರಿಗೂ ಬರುತ್ತದೆ. ಇದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ, ಪದೇ ಪದೇ ಗರ್ಭಪಾತದ ಅಪಾಯ ಇರುತ್ತದೆ. ಲೂಪಸ್ ಇರುವವರಲ್ಲಿ ಮೂರರಲ್ಲಿ ಒಬ್ಬರಿಗೆ ಇಂಥ ಪ್ರತಿಕಾಯ ಇರಬಹುದು, ಎಲ್ಲರಿಗೂ ಹೆಪ್ಪುಗಟ್ಟುವುದಿಲ್ಲ. ಒಮ್ಮೆ ಪಾಸಿಟಿವ್ ಬಂದರೆ ಕನಿಷ್ಠ 12 ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು, ಯಾಕಂದ್ರೆ ಸೋಂಕು ಬಂದಾಗ ತಾತ್ಕಾಲಿಕವಾಗಿಯೂ ಕಾಣುತ್ತದೆ. ಪಾಸಿಟಿವ್ ಇರುವವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತಗೊಳ್ಳಬಾರದು. ಸ್ತ್ರೀರೋಗ ತಜ್ಞರಿಗೆ ಲೂಪಸ್ ವಿಷಯ ಹೇಳದೆ ಬರೆಸಿಕೊಂಡವರು ಎಷ್ಟೋ ಜನ.

ಕಿಡ್ನಿ ಬಗ್ಗೆ ಯಾಕೆ ಅಷ್ಟು ಹೆದರಿಸ್ತಾರೆ?

ನೋವೇ ಇಲ್ಲದೆ ಕೆಡುತ್ತದೆ, ಅದಕ್ಕೆ. ಲೂಪಸ್ ಇರುವ ಹತ್ತರಲ್ಲಿ ಸುಮಾರು ನಾಲ್ಕು ಜನಕ್ಕೆ ಕಿಡ್ನಿ ಉರಿಯೂತ ಬರುತ್ತದೆ. ಮೂತ್ರದಲ್ಲಿ ಬೇಗ ಇಳಿಯದ ನೊರೆ, ಸಂಜೆಗೆ ಕಾಲ್ಚೀಲದ ಅಚ್ಚು ಪಾದದ ಮೇಲೆ ಆಳವಾಗಿ ಉಳಿಯುವುದು, ಬಿಪಿ ಏರುವುದು, ಇವೆಲ್ಲ ಕಾಣುವ ಹೊತ್ತಿಗೆ ತಡವಾಗಿರಬಹುದು. ಹಾಗಾಗಿ ಆರಾಮಾಗಿದ್ದರೂ ಡಾಕ್ಟರ್ ಹೇಳಿದ ಅಂತರದಲ್ಲಿ ಮೂತ್ರಪರೀಕ್ಷೆ ತಪ್ಪಿಸಬೇಡಿ. ಪ್ರೋಟೀನ್ ದಿನಕ್ಕೆ ಅರ್ಧ ಗ್ರಾಂ ದಾಟಿದರೆ ಸಾಮಾನ್ಯವಾಗಿ ಬಯಾಪ್ಸಿ (ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷೆ) ಮಾಡುತ್ತಾರೆ, ಯಾವ ದರ್ಜೆಯ ಉರಿಯೂತ ಅಂತ ತಿಳಿಯದೆ ಔಷಧಿ ಆರಿಸೋಕೆ ಆಗದು. ಹಾಡುಗಾರ್ತಿ ಸೆಲೀನಾ ಗೋಮೆಜ್ 2017ರಲ್ಲಿ ಲೂಪಸ್‌ನಿಂದಲೇ ಕಿಡ್ನಿ ಕಸಿ ಮಾಡಿಸಿಕೊಂಡಿದ್ದಾಗಿ ಹೇಳಿಕೊಂಡರು.

ಇನ್ನೊಂದು ಮಾತು. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆಯನ್ನು ಕೇಳದೇ ನುಂಗುತ್ತಾ ಹೋದರೆ ಕಿಡ್ನಿಗೆ ಇನ್ನೊಂದು ಪೆಟ್ಟು.

ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಂಡ್ರೆ ಕಣ್ಣು ಹೋಗುತ್ತಾ?

ಭಯದಿಂದ ಈ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಲೇರಿಯಾಗೆ ಅಂತ ಬಂದ ಔಷಧಿ ಇದು. ಲೂಪಸ್ ಕೆರಳುವುದನ್ನು ಕಡಿಮೆ ಮಾಡುತ್ತದೆ, ಹೆಪ್ಪುಗಟ್ಟುವ ಅಪಾಯ ಇಳಿಸುತ್ತದೆ, ಗರ್ಭಿಣಿಯರೂ ತಗೊಳ್ಳಬಹುದು. ನಿಧಾನ. ಪೂರ್ತಿ ಪರಿಣಾಮ ಕಾಣೋಕೆ ತಿಂಗಳುಗಳೇ ಬೇಕು, ಬಿಟ್ಟಾಗಲೂ ತಕ್ಷಣ ಗೊತ್ತಾಗುವುದಿಲ್ಲ. ‘ಬಿಟ್ಟೆ, ಏನೂ ಆಗಲಿಲ್ಲ’ ಅಂತ ಮೋಸ ಹೋಗೋದು ಇಲ್ಲೇ.

ಕಣ್ಣಿನ ರೆಟಿನಾಗೆ ಹಾನಿ ಆಗಬಹುದು, ಸುಳ್ಳಲ್ಲ. ಆದರೆ ದಿನಕ್ಕೆ ದೇಹದ ತೂಕದ ಕೆಜಿಗೆ 5 ಮಿಲಿಗ್ರಾಂ ಮೀರದಿದ್ದರೆ ಮೊದಲ ಐದು ವರ್ಷ ಅಪಾಯ ತೀರಾ ಕಡಿಮೆ. ಶುರುವಿನಲ್ಲಿ ಒಮ್ಮೆ ಕಣ್ಣು ಪರೀಕ್ಷೆ, ಐದು ವರ್ಷ ಆದಮೇಲೆ ಪ್ರತಿವರ್ಷ. ಕಿಡ್ನಿ ತೊಂದರೆ ಇದ್ದರೆ ಅದಕ್ಕೂ ಮೊದಲೇ. ಪರೀಕ್ಷೆ ಸುಲಭ: ಒಂದು ಬೋಗುಣಿಯಂಥ ಯಂತ್ರದೊಳಗೆ ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಾ, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಬಟನ್ ಒತ್ತಬೇಕು. ಬೆಳಕು ತೀರಾ ಮಂಕಾಗಿ ಬರುತ್ತದೆ, ಬಂತೋ ಇಲ್ಲವೋ ಅಂತ ಅನುಮಾನ ಆಗುತ್ತದೆ, ಅದು ಎಲ್ಲರಿಗೂ ಆಗುವುದೇ. ಜೊತೆಗೆ ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಮಾಡುತ್ತಾರೆ. ನಿಮಗೆ ದೃಷ್ಟಿಯಲ್ಲಿ ತಿಳಿಯುವ ಮೊದಲೇ ಇವುಗಳಲ್ಲಿ ತಿಳಿಯುತ್ತದೆ.

ಸ್ಟೀರಾಯ್ಡ್ ಬಿಡಬಹುದಾ?

ನೀವಾಗಿಯೇ, ಒಮ್ಮೆಗೇ? ಖಂಡಿತ ಬೇಡ. ಕೆಲವು ವಾರ ತಗೊಂಡರೆ ಸಾಕು, ದೇಹ ತನ್ನದೇ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸೋಲ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಆದರೆ ಇಳಿಸುವ ಬಗ್ಗೆ ಡಾಕ್ಟರ್ ಹತ್ತಿರ ಕೇಳುವುದು ನಿಮ್ಮ ಹಕ್ಕು. 2023ರ ಯುರೋಪಿನ ಮಾರ್ಗಸೂಚಿ ಪ್ರಕಾರ ದೀರ್ಘಕಾಲಕ್ಕೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಗಿರಬೇಕು, ಸಾಧ್ಯವಾದರೆ ಪೂರ್ತಿ ನಿಲ್ಲಿಸಬೇಕು. ಅದಕ್ಕೆಂದೇ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಿಯೋಪ್ರಿನ್, ಮೈಕೋಫಿನೋಲೇಟ್, ಮೆಥೋಟ್ರೆಕ್ಸೇಟ್‌ನಂಥವನ್ನು ಜೊತೆಗೆ ಕೊಡುತ್ತಾರೆ.

ಇಷ್ಟೊಂದು ಮಾತ್ರೆ ಒಟ್ಟಿಗೆ ತಗೊಂಡ್ರೆ ತೊಂದರೆ ಇಲ್ವಾ?

ಹಲವು ಕಾಯಿಲೆ ಇರುವವರಿಗೆ ನಿಜವಾದ ತಲೆನೋವು ಇದು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ. ಇಲ್ಲದಿದ್ದರೆ ಮಾತ್ರೆ ನುಂಗಿದರೂ ಟಿಎಸ್‌ಎಚ್ ಇಳಿಯುವುದಿಲ್ಲ. ಕೂದಲು ಉದುರುತ್ತೆ ಅಂತ ಬಯೋಟಿನ್ ತಗೊಳ್ಳುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಎರಡು ದಿನ ಮೊದಲು ನಿಲ್ಲಿಸಿ, ರಿಪೋರ್ಟ್ ತಪ್ಪು ಬರುತ್ತದೆ. ಗೌಟ್‌ಗೆ ಕೊಡುವ ಅಲೋಪುರಿನಾಲ್ ಮತ್ತು ಅಜಾಥಿಯೋಪ್ರಿನ್ ಸೇರಿದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯಬಹುದು. ಸಲ್ಫಾ ಆಂಟಿಬಯಾಟಿಕ್ ಕೆಲವರಲ್ಲಿ ಲೂಪಸ್ ಕೆರಳಿಸುತ್ತದೆ.

ಒಂದೇ ಹಾಳೆಯಲ್ಲಿ ಎಲ್ಲ ಕಾಯಿಲೆ, ಎಲ್ಲ ಮಾತ್ರೆ, ಡೋಸ್, ಆಗದ ಔಷಧಿ ಬರೆದು ಹೋದ ಕಡೆಯೆಲ್ಲ ಕೊಡಿ. ಅವರವರೇ ಮಾತಾಡಿಕೊಳ್ಳುತ್ತಾರೆ ಅಂತ ನಂಬಿ ಕೂರಬೇಡಿ. ಎಲ್ಲವನ್ನೂ ಒಟ್ಟಿಗೆ ನೋಡುವ ಒಬ್ಬ ಡಾಕ್ಟರ್ ಬೇಕು, ಸಾಮಾನ್ಯವಾಗಿ ಅದು ರುಮಟಾಲಜಿಸ್ಟ್.

ಬಿಸಿಲು, ಪಥ್ಯ, ಲಸಿಕೆ?

ಬಿಸಿಲು ಚರ್ಮವನ್ನಷ್ಟೇ ಅಲ್ಲ, ಒಳಗಿನ ಲೂಪಸ್ಸನ್ನೂ ಕೆರಳಿಸುತ್ತದೆ. ಯುವಿಎ ಕಿರಣ ಕಿಟಕಿ ಗಾಜಿನೊಳಗೂ ಬರುತ್ತದೆ, ಮೋಡ ಇದ್ದರೂ ಬರುತ್ತದೆ. ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್, ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಕಿವಿ ಮತ್ತು ಕತ್ತಿನ ಹಿಂದೆ ಮರೆಯದೆ. ಉದ್ದ ತೋಳು, ಅಗಲ ಟೋಪಿ. ಬಿಸಿಲು ತಪ್ಪಿಸಿದರೆ ವಿಟಮಿನ್ ಡಿ ಇಳಿಯುತ್ತದೆ, ಅದನ್ನು ಮಾತ್ರೆಯಿಂದ ತುಂಬಬೇಕು.

ಲೂಪಸ್ ಗುಣಪಡಿಸುವ ಪಥ್ಯ ಯಾವುದೂ ಇಲ್ಲ. ಹೃದಯಕ್ಕೆ ಒಳ್ಳೆಯ ಊಟವೇ ಲೂಪಸ್‌ಗೂ ಒಳ್ಳೆಯದು, ಯಾಕಂದ್ರೆ ಲೂಪಸ್ ಇರುವವರಿಗೆ ಹೃದಯಾಘಾತದ ಅಪಾಯ ಚಿಕ್ಕ ವಯಸ್ಸಿನಲ್ಲೇ ಜಾಸ್ತಿ. ಆಲ್ಫಾಲ್ಫಾ ಮೊಳಕೆ ಮತ್ತು ‘ಇಮ್ಯುನಿಟಿ ಹೆಚ್ಚಿಸುವ’ ಎಕಿನೇಶಿಯಾ ಎಂಬ ಗಿಡಮೂಲಿಕೆ ದೂರ ಇಡಿ. ಇಮ್ಯುನಿಟಿ ಕಮ್ಮಿಯಾಗಿ ಬಂದ ಕಾಯಿಲೆ ಅಲ್ಲವಲ್ಲ ಇದು. ಸಿಗರೇಟು ಬಿಡಿ, ಅದು ಚರ್ಮದ ಲೂಪಸ್ ಕೆಡಿಸುತ್ತದೆ. ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆ ಹಾಕಿಸಿಕೊಳ್ಳಬೇಕು, ಆದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುವಾಗ ಜೀವಂತ ವೈರಸ್ ಇರುವ ಲಸಿಕೆಗಳನ್ನು ಸಾಮಾನ್ಯವಾಗಿ ಹಾಕುವುದಿಲ್ಲ.

ಮಗು ಮಾಡಿಕೊಳ್ಳಬಹುದಾ?

ಬಹಳ ಜನ ಮಾಡಿಕೊಂಡಿದ್ದಾರೆ. ಆದರೆ ಯೋಜನೆ ಮಾಡಿ. ಲೂಪಸ್ ಕನಿಷ್ಠ ಆರು ತಿಂಗಳು ತಣ್ಣಗಿರಬೇಕು, ಮೈಕೋಫಿನೋಲೇಟ್ ಮತ್ತು ಮೆಥೋಟ್ರೆಕ್ಸೇಟ್ ಮೊದಲೇ ನಿಲ್ಲಿಸಿ ಬೇರೆ ಔಷಧಿಗೆ ಬದಲಾಗಿರಬೇಕು, ಅವು ಮಗುವಿಗೆ ಹಾನಿ ಮಾಡುತ್ತವೆ. ಆಂಟಿ-ರೋ ಪ್ರತಿಕಾಯ ಇದೆಯಾ ಅಂತ ತಿಳಿದುಕೊಳ್ಳಿ, ಶೋಗ್ರೆನ್ ಇರುವವರಂತೂ ಖಂಡಿತ. ಇದ್ದರೆ ನೂರರಲ್ಲಿ ಒಂದೆರಡು ಮಕ್ಕಳಿಗೆ ಹೃದಯದ ಬಡಿತ ನಿಧಾನವಾಗುವ ತೊಂದರೆ ಬರಬಹುದು, ಅದಕ್ಕೆ ಹೊಟ್ಟೆಯಲ್ಲಿದ್ದಾಗಲೇ ಮಗುವಿನ ಹೃದಯದ ಸ್ಕ್ಯಾನ್ (ಎಕೋ) ಮಾಡುತ್ತಾರೆ.

ನೋಡೋಕೆ ಚೆನ್ನಾಗೇ ಇದ್ದೀಯಲ್ಲ ಅಂತಾರೆ. ಏನು ಹೇಳಲಿ?

ಎಲ್ಲರಿಗೂ ವಿವರಿಸಬೇಕಿಲ್ಲ. ಮನೆಯವರಿಗೆ ಮಾತ್ರ, ಅದೂ ಕಾಯಿಲೆಯ ಪಾಠ ಬೇಡ, ಬೇಕಾದ ಕೆಲಸ ಹೇಳಿ: ‘ಇವತ್ತು ಕೈ ಊದಿದೆ, ಬಟ್ಟೆ ಹಿಂಡೋಕೆ ಆಗಲ್ಲ, ನೀನು ಹಿಂಡು.’ ಕೆಲಸದ ಕಡೆ ಎಷ್ಟು ಹೇಳಬೇಕು ಅನ್ನುವುದು ನಿಮ್ಮಿಷ್ಟ, ಐದು ಕಾಯಿಲೆಯ ಹೆಸರು ಹೇಳಿದರೆ ಯಾರೂ ನಂಬುವುದಿಲ್ಲ ಅನ್ನೋದು ಮಾತ್ರ ನನ್ನ ಅನುಭವ.

ಪೂರ್ತಿ ಗುಣ ಆಗುತ್ತಾ?

ಇವತ್ತಿಗೆ ಇಲ್ಲ. ಆದರೆ ಔಷಧಿ ಮೇಲೆ ವರ್ಷಗಟ್ಟಲೆ ತಣ್ಣಗಿರುವವರು ಬಹಳ. 1950ರ ದಶಕದಲ್ಲಿ ಲೂಪಸ್ ಗೊತ್ತಾದವರಲ್ಲಿ ಸುಮಾರು ಅರ್ಧದಷ್ಟು ಜನ ಐದು ವರ್ಷ ಬದುಕುತ್ತಿರಲಿಲ್ಲ, ಈಗ ಚಿಕಿತ್ಸೆ ಸಿಕ್ಕ ಹೆಚ್ಚಿನವರು ದಶಕಗಳ ಕಾಲ ಬದುಕುತ್ತಾರೆ. 2011ರಲ್ಲಿ ಬೆಲಿಮುಮ್ಯಾಬ್, 2021ರಲ್ಲಿ ಅನಿಫ್ರೊಲುಮ್ಯಾಬ್ ಎಂಬ ಇಂಜೆಕ್ಷನ್‌ಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2022ರಲ್ಲಿ ಜರ್ಮನಿಯ ಎರ್ಲಾಂಗೆನ್‌ನ ತಂಡ ರೋಗಿಯದೇ ರೋಗನಿರೋಧಕ ಕೋಶಗಳನ್ನು ತೆಗೆದು ಮಾರ್ಪಡಿಸಿ ಮತ್ತೆ ದೇಹಕ್ಕೆ ಕೊಡುವ, ಕ್ಯಾನ್ಸರ್‌ಗೆ ಬಳಸುವ ಕಾರ್-ಟಿ ಚಿಕಿತ್ಸೆಯನ್ನು ತೀವ್ರ ಲೂಪಸ್ ಇದ್ದ ಐವರಿಗೆ ಕೊಟ್ಟು, ಐವರಲ್ಲೂ ಕಾಯಿಲೆ ತಣ್ಣಗಾಗಿದ್ದನ್ನು ವರದಿ ಮಾಡಿತು. ಅದು ಇನ್ನೂ ಪ್ರಯೋಗದ ಹಂತದಲ್ಲಿದೆ.

ಯಾವಾಗ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಎದೆನೋವು, ಉಸಿರು ಕಟ್ಟುವುದು, ಒಂದೇ ಕಾಲು ಊದಿ ನೋಯುವುದು, ಮುಖ ಅಥವಾ ಕೈ ಒಂದು ಕಡೆ ಸೋಲುವುದು, ಫಿಟ್ಸ್, ಥಟ್ಟನೆ ಗೊಂದಲ, ಮೂತ್ರ ತೀರಾ ಕಡಿಮೆಯಾಗುವುದು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುವವರಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರವೂ ಇದೇ ಪಟ್ಟಿಗೆ ಸೇರುತ್ತದೆ. ವಾಂತಿಯಾಗಿ ಸ್ಟೀರಾಯ್ಡ್ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಹೋಗಲೇಬೇಕು, ಇಂಜೆಕ್ಷನ್ ಆಗಿ ಕೊಡಬೇಕಾಗುತ್ತದೆ. ಹೋದ ತಕ್ಷಣ ಲೂಪಸ್ ಇದೆ, ಇಂತಿಂಥ ಮಾತ್ರೆ ತಗೊಳ್ತೀನಿ ಅಂತ ಮೊದಲು ಹೇಳಿ, ಕಾಯಿಲೆ, ಮಾತ್ರೆ ಎಲ್ಲ ಬರೆದಿಟ್ಟ ಆ ಹಾಳೆಯನ್ನು ಕೈಗೆ ಕೊಡಿ.